ಏಳು ತಿಂಗಳಾಯ್ತು, ಇನ್ನೂ ಕೂರುತ್ತಿಲ್ಲ: ದಿನ ತುಂಬದೆ ಹುಟ್ಟಿದ ಮಕ್ಕಳನ್ನು ಬೆಳೆಸಿದವರು ಹೇಳಿ

ಸಿರಾ ಗೇಟ್ ಅಮ್ಮ, ತುಮಕೂರು

ನಮ್ಮ ಮಗ 31 ವಾರಕ್ಕೇ ಹುಟ್ಟಿದ. ತೂಕ 1.4 ಕೆಜಿ ಇತ್ತು, ಪೆಟ್ಟಿಗೆಯಲ್ಲಿಟ್ಟಿದ್ದರು. ಈಗ ಏಳು ತಿಂಗಳು. ಹಾಲು ಚೆನ್ನಾಗಿ ಕುಡಿಯುತ್ತಾನೆ, ನಗುತ್ತಾನೆ, ಕತ್ತು ನಿಂತಿದೆ. ಆದರೆ ಕೂರುವುದಿಲ್ಲ, ಪೂರ್ತಿ ಮಗುಚಿಕೊಳ್ಳುವುದೂ ಇಲ್ಲ. ನಮ್ಮ ಓರಗಿತ್ತಿ ಮಗುವೂ ಅದೇ ತಿಂಗಳು ಹುಟ್ಟಿದ್ದು, ಆಗಲೇ ಕೂತು ಆಡುತ್ತಿದೆ. ಮನೆಗೆ ಬಂದವರೆಲ್ಲ ಇಬ್ಬರನ್ನೂ ಅಕ್ಕಪಕ್ಕ ಇಟ್ಟು ನೋಡುತ್ತಾರೆ. ವಿಚಿತ್ರ ಅಂದ್ರೆ, ಕಂಕುಳಿಗೆ ಕೈ ಕೊಟ್ಟು ಎತ್ತಿದರೆ ಕಾಲು ಸೆಟೆಸಿ ತುದಿಗಾಲಲ್ಲಿ ನಿಲ್ಲುತ್ತಾನೆ. ಅತ್ತೆಗೆ ಅದೇ ಖುಷಿ. "ಕೂರೋದು ಬಿಟ್ಟು ನೇರ ಓಡ್ತಾನೆ ನೋಡು" ಅಂತಾರೆ. ನಮ್ಮಣ್ಣ ವಾಕರ್ ಬೇರೆ ತಂದುಕೊಟ್ಟಿದ್ದಾನೆ. ಅದರಲ್ಲಿ ಕೂರಿಸಲಾ? ಕಾಯಲಾ? ಎಲ್ಲಾದರೂ ತೋರಿಸಲಾ?

ಕ್ಯಾತ್ಸಂದ್ರದವಳು

ಮೊದಲು ಓರಗಿತ್ತಿ ಮಗುವಿನ ಜೊತೆ ಹೋಲಿಸೋದು ಬಿಡಿ ಅಕ್ಕ. 40 ವಾರಕ್ಕೆ ಬರಬೇಕಿದ್ದವನು 9 ವಾರ ಮುಂಚೆ ಬಂದ ಅಲ್ವಾ, ಅಷ್ಟನ್ನು ವಯಸ್ಸಿನಿಂದ ಕಳೆಯಿರಿ. ಐದು ತಿಂಗಳೂ ತುಂಬಿಲ್ಲ ಅಂತಾಯ್ತು. ಆ ವಯಸ್ಸಿಗೆ ಯಾವ ಮಗು ಕೂರುತ್ತೆ? ತಾಯಿ ಕಾರ್ಡಿನಲ್ಲಿ ಹೆರಿಗೆಗೆ ಕೊಟ್ಟ ತಾರೀಖು ಬರೆದಿರುತ್ತಾರೆ. ಎರಡು ವರ್ಷ ಆಗುವವರೆಗೂ ಕೂರುವುದು, ನಿಲ್ಲುವುದು, ಮಾತು ಎಲ್ಲಕ್ಕೂ ಆ ತಾರೀಖಿನಿಂದಲೇ ಲೆಕ್ಕ ಹಾಕಿ. ನನ್ನ ಮಗಳು ಹುಟ್ಟಿದ ಲೆಕ್ಕದಲ್ಲಿ ಎಲ್ಲದರಲ್ಲೂ ಹಿಂದೆ ಇದ್ದಳು, ಈ ಲೆಕ್ಕದಲ್ಲಿ ಸರಿಯಾಗೇ ಇದ್ದಳು. ಲಸಿಕೆಗೆ ಮಾತ್ರ ಹುಟ್ಟಿದ ದಿನವೇ ಲೆಕ್ಕ, ಅದನ್ನು ಮುಂದೂಡಬೇಡಿ.

ಕೋಲಾರದ ಫಿಸಿಯೋ

ಮಕ್ಕಳ ಫಿಸಿಯೋಥೆರಪಿ ನನ್ನ ಕೆಲಸ. ಮೇಲಿನವರು ಹೇಳಿದ ಲೆಕ್ಕ ಸರಿ. ಆದರೆ ಅಷ್ಟಕ್ಕೇ ಸಮಾಧಾನ ಮಾಡಿಕೊಳ್ಳಬೇಡಿ. ಅವನು ಕೂರದೇ ಇರುವುದು ನನಗೆ ದೊಡ್ಡ ವಿಷಯವಲ್ಲ. ತುದಿಗಾಲಲ್ಲಿ ನಿಲ್ಲುತ್ತಾನೆ ಅಂದ್ರಲ್ಲ, ನನ್ನ ಗಮನ ಅಲ್ಲಿಗೆ ಹೋಯಿತು. ಅದು ಶಕ್ತಿ ಅಲ್ಲ, ಬಿಗಿತ.

ಮೆದುಳಿನ ಮಡಿಕೆಗಳು ಹೆಚ್ಚಾಗಿ ಮೂಡುವುದು ಬಸಿರಿನ ಕೊನೆಯ ಮೂರು ತಿಂಗಳಲ್ಲಿ. 35 ವಾರದಲ್ಲೂ ಮೆದುಳಿನ ತೂಕ, ದಿನ ತುಂಬಿದಾಗ ಇರುವುದರ ಮೂರರಲ್ಲಿ ಎರಡು ಪಾಲು ಅಷ್ಟೇ. ಕಾಲನ್ನು ಆಡಿಸುವ ನರದ ಎಳೆಗಳು ಮೆದುಳಿನ ಒಳಗಿನ ನೀರಿನ ಗೂಡುಗಳ ಪಕ್ಕದಲ್ಲೇ ಹಾದುಹೋಗುತ್ತವೆ. 32 ವಾರಕ್ಕೆ ಮುಂಚೆ ಆ ಜಾಗ ತುಂಬಾ ನಾಜೂಕು. ಉಸಿರಾಟ, ರಕ್ತದೊತ್ತಡ ಏರುಪೇರಾದರೆ ಪೆಟ್ಟು ಬೀಳುವುದು ಅಲ್ಲಿಗೆ. ಅದಕ್ಕೇ ಬೇಗ ಹುಟ್ಟಿದ ಮಕ್ಕಳಲ್ಲಿ ತೊಂದರೆ ಇದ್ದರೆ ಕೈಗಿಂತ ಕಾಲಲ್ಲಿ ಬಿಗಿತ ಜಾಸ್ತಿ.

ನಿಮ್ಮ ಮಗನಿಗೆ ಹಾಗಾಗಿದೆ ಅಂತ ಹೇಳುತ್ತಿಲ್ಲ, ಗಾಬರಿ ಬೇಡ. ಇನ್ನೊಂದು ಕಾರಣವೂ ಇರುತ್ತದೆ. ಹೊಟ್ಟೆಯಲ್ಲಿ ಕೊನೆಯ ವಾರಗಳಲ್ಲಿ ಜಾಗ ಸಾಲದೆ ಮಗು ಮುದುಡಿಕೊಂಡಿರುತ್ತದೆ. ಬೇಗ ಹುಟ್ಟಿದವು ಆ ವಾರಗಳನ್ನು ಹಾಸಿಗೆ ಮೇಲೆ ಕೈಕಾಲು ಚೆಲ್ಲಿ ಕಳೆಯುತ್ತವೆ. ಹಾಗಾಗಿ ಬೆನ್ನು ಹಿಂದಕ್ಕೆ ಬಗ್ಗಿಸುವ, ಕಾಲು ಸೆಟೆಸುವ ಸ್ನಾಯುಗಳದ್ದೇ ಜೋರು. ಎಷ್ಟೋ ಮಕ್ಕಳಲ್ಲಿ ವರ್ಷ ಕಳೆಯುವಷ್ಟರಲ್ಲಿ ತಾನಾಗಿ ಸಡಿಲವಾಗುತ್ತದೆ. ಯಾವುದು ಸಡಿಲವಾಗುವ ಬಿಗಿತ, ಯಾವುದು ಅಲ್ಲ ಅಂತ ಮಗುವನ್ನು ಮುಟ್ಟಿ ನೋಡಿದವರೇ ಹೇಳಬೇಕು.

ವಾಕರ್ ಬೇಡವೇ ಬೇಡ. ಅದರಲ್ಲಿ ಬೆರಳ ತುದಿಯಲ್ಲಿ ನೂಕುವುದನ್ನೇ ಕಲಿಯುತ್ತಾನೆ, ಮುಗ್ಗರಿಸಿ ಬೀಳುವ ಅಪಾಯ ಬೇರೆ. ಎತ್ತಿ ನಿಲ್ಲಿಸುವ ಆಟವೂ ಸಾಕು. ನೆಲದ ಮೇಲೆ ಚಾಪೆ ಹಾಸಿ ಬಿಡಿ. ಎಚ್ಚರ ಇದ್ದಾಗ, ನಿಮ್ಮ ಕಣ್ಣೆದುರಲ್ಲಿ, ದಿನಕ್ಕೆ ಹಲವು ಸಲ ಸ್ವಲ್ಪ ಸ್ವಲ್ಪ ಹೊತ್ತು ಬೋರಲು ಹಾಕಿ. ಅಳುತ್ತಾನೆ ಅಂದ್ರೆ ನೀವು ಒರಗಿ ಕೂತು ಎದೆ ಮೇಲೆ ಬೋರಲು ಹಾಕಿಕೊಳ್ಳಿ, ನಿಮ್ಮ ಮುಖ ನೋಡೋಕೆ ತಲೆ ಎತ್ತೇ ಎತ್ತುತ್ತಾನೆ. ನಿದ್ದೆಗೆ ಮಾತ್ರ ಅಂಗಾತವೇ. ಎತ್ತಿಕೊಳ್ಳುವಾಗ ಮಂಡಿ ಮಡಚಿ, ಎರಡೂ ಕೈ ಮುಂದೆ ಬರುವ ಹಾಗೆ ಮುದುಡಿಸಿ ಎತ್ತಿ. ಪಕ್ಕಕ್ಕೆ ಮಲಗಿಸಿ ಗಿಲಕಿ ಹಿಡಿಸಿ ಆಡಿಸಿ, ಮಗುಚಿಕೊಳ್ಳುವುದು ಅಲ್ಲಿಂದಲೇ ಬರುವುದು.

ಇನ್ನು ನೋಡಬೇಕಾದದ್ದು: ಹೆಬ್ಬೆರಳು ಒಳಗಿಟ್ಟು ಮುಷ್ಟಿ ಬಿಗಿದೇ ಇರುತ್ತಾನಾ? ಬಟ್ಟೆ ಬದಲಿಸುವಾಗ ತೊಡೆ ಅಗಲಿಸೋಕೆ ಕಷ್ಟವಾ? ಕಾಲು ಕತ್ತರಿ ಹಾಕುತ್ತಾನಾ? ಒಂದೇ ಕೈ ಬಳಸುತ್ತಾನಾ? ವರ್ಷದೊಳಗೆ ಒಂದೇ ಕೈ ಮುಂದಾಗುವುದು ಜಾಣತನ ಅಲ್ಲ, ಇನ್ನೊಂದು ಕೈಯನ್ನು ಪರೀಕ್ಷೆ ಮಾಡಿಸಬೇಕು ಅಂತ ಅರ್ಥ.

ಚಿಂತಾಮಣಿ ಅಜ್ಜಿ

ಎಣ್ಣೆ ನೀರು ಬಿಡಬೇಡ ಕಣಮ್ಮ. ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ಮೆಲ್ಲಗೆ ಸವರು, ಮಗುವಿಗೂ ಹಿತ, ನಿನಗೂ ಕೈಗೆ ಬಿಗಿ ಗೊತ್ತಾಗುತ್ತೆ. ನಮ್ಮ ಕಾಲದವರ ಹಾಗೆ ಕೈಕಾಲು ಎಳೆದು ತಿರುಚೋದು, ಮೂಗಿಗೆ ಎಣ್ಣೆ ಬಿಡೋದು ಬೇಡ. ಸಾಂಬ್ರಾಣಿ ಹೊಗೆಯೂ ಬೇಡ, ದಿನ ತುಂಬದ ಮಗುವಿನ ಎದೆ ಅದನ್ನು ತಡೆಯಲ್ಲ. ಬಜೆ ತೇಯ್ದು ನೆಕ್ಕಿಸು ಅಂತ ಯಾರಾದ್ರೂ ಹೇಳಿದ್ರೆ ಹೂಂ ಅಂತ ಅಂದು ಸುಮ್ನೆ ಇದ್ದುಬಿಡು. ನಾನೂ ನನ್ನ ಮೊಮ್ಮಗನಿಗೆ ಹಾಗೇ ಮಾಡಿದ್ದು.

ಬಂಗಾರಪೇಟೆ ಅಪ್ಪ

ಎಲ್ಲರೂ ಕೈಕಾಲು ಅಂದ್ರಿ, ಕಣ್ಣು ಕಿವಿ ಬಿಟ್ಟಿರಿ. ನಮ್ಮದು ಅವಳಿ, ಒಬ್ಬನಿಗೆ ಕಣ್ಣಿನ ಒಳಪೊರೆಗೆ ಲೇಸರ್ ಆಯ್ತು. ಡಿಸ್ಚಾರ್ಜ್ ಮಾಡುವಾಗ ಆ ಆಸ್ಪತ್ರೆಯವರು ಬಾಯಿ ಬಿಟ್ಟಿರಲಿಲ್ಲ, ಪರಿಚಯದ ನರ್ಸ್ ಹೇಳಿದ್ದಕ್ಕೆ ಹೋದೆವು. 34 ವಾರಕ್ಕೆ ಮುಂಚೆ ಹುಟ್ಟಿದ, ಇಲ್ಲ 2 ಕೆಜಿಗಿಂತ ಕಡಿಮೆ ಇರುವ ಮಗುವಿಗೆ ಹುಟ್ಟಿ 30 ದಿನದೊಳಗೆ ಆರ್‌ಒಪಿ ಪರೀಕ್ಷೆ ಆಗಬೇಕು, ಅಂದ್ರೆ ಬೇಗ ಹುಟ್ಟಿದ ಮಕ್ಕಳ ಕಣ್ಣಿನ ಒಳಪೊರೆಯಲ್ಲಿ ರಕ್ತನಾಳ ಸರಿಯಾಗಿ ಬೆಳೆಯದ ತೊಂದರೆಗೆ. ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಲ್ಲಿ ಶುರು ಮಾಡಿದ ಕಿಡ್‌ರಾಪ್ ಅಂತ ಒಂದು ಯೋಜನೆ ಇದೆ, ಕ್ಯಾಮೆರಾ ತಗೊಂಡು ಜಿಲ್ಲೆಗಳಿಗೇ ಬರುತ್ತಾರೆ. ನಿಮ್ಮ ಮಗನಿಗೆ ಆಗಿದೆಯಾ ಅಂತ ಕಾಗದ ತೆಗೆದು ನೋಡಿ. ಆಗಿದ್ದರೂ ವರ್ಷದ ಹೊತ್ತಿಗೆ ಇನ್ನೊಮ್ಮೆ ತೋರಿಸಿ, ಇಂಥ ಮಕ್ಕಳಿಗೆ ಮೆಳ್ಳೆಗಣ್ಣು, ಕನ್ನಡಕ ಜಾಸ್ತಿ. ಕಣ್ಣು ಸರಿ ಕಾಣದಿದ್ದರೆ ಮಗು ಆಟಿಕೆಗೆ ಕೈ ಚಾಚುವುದಾದರೂ ಯಾಕೆ? ಕಿವಿಗೂ ಬೇರಾ (BERA) ಅನ್ನೋ ಪರೀಕ್ಷೆ ಆಗಿದೆಯಾ ನೋಡಿ, ಶಬ್ದ ಮೆದುಳಿಗೆ ತಲುಪುತ್ತಾ ಅಂತ ಅದರಲ್ಲಿ ಗೊತ್ತಾಗುತ್ತೆ.

ಸಿರಾ ಗೇಟ್ ಅಮ್ಮ

ಕಣ್ಣಿನದು ಆಗಿದೆ, ಕಿವಿಯದು ಆಗಿಲ್ಲ. ಮುಷ್ಟಿ ಬಿಡುತ್ತಾನೆ, ಎರಡೂ ಕೈ ಬಾಯಿಗೆ ಹೋಗುತ್ತದೆ. ಆದರೆ ತೊಡೆ ಬಿಗಿ ಇದೆ ಮೇಡಂ, ಈಗ ನೋಡಿದೆ. ಹುಟ್ಟಿದಾಗ ನೆತ್ತಿಯ ಮೇಲೆ ಸ್ಕ್ಯಾನ್ ಮಾಡಿ ನಾರ್ಮಲ್ ಅಂದಿದ್ದರು. ಆದರೂ ತೋರಿಸಬೇಕಾ?

ಕೋಲಾರದ ಫಿಸಿಯೋ

ತೋರಿಸಿ. ಆ ಸ್ಕ್ಯಾನ್‌ನಲ್ಲಿ ರಕ್ತಸ್ರಾವ, ದೊಡ್ಡ ಗಾಯ ಕಾಣುತ್ತದೆ, ಸಣ್ಣದು ತಪ್ಪಿಹೋಗಬಹುದು. ಕಾಯುವುದರಿಂದ ಲಾಭವಿಲ್ಲ, ಮೆದುಳು ಚೆನ್ನಾಗಿ ಪಳಗುವ ಕಾಲ ಇದೇ. ತೊಂದರೆಗೆ ಹೆಸರಿಡುವವರೆಗೆ ಕಾಯದೆ ವ್ಯಾಯಾಮ ಶುರು ಮಾಡಬಹುದು. ಜಿಲ್ಲಾಸ್ಪತ್ರೆಯಲ್ಲಿ ಡಿಇಐಸಿ, ಅಂದರೆ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡುವ ಕೇಂದ್ರ, ಎಲ್ಲಿದೆ ಅಂತ ಕೇಳಿ. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಕೆಳಗೆ ಬರುತ್ತದೆ, ದುಡ್ಡು ಕೊಡಬೇಕಿಲ್ಲ. ಆಶಾ ಕಾರ್ಯಕರ್ತೆಗೆ ಹೇಳಿದರೂ ದಾರಿ ತೋರಿಸುತ್ತಾರೆ. ಕಿವಿ ಪರೀಕ್ಷೆ ಬಗ್ಗೆಯೂ ಅಲ್ಲೇ ಕೇಳಿ.

ಬಂಗಾರಪೇಟೆ ಅಪ್ಪ

ಡಿಸ್ಚಾರ್ಜ್ ಕಾಗದ, ಸ್ಕ್ಯಾನ್ ವರದಿ, ತಾಯಿ ಕಾರ್ಡ್ ತಗೊಂಡು ಹೋಗಿ ಅಕ್ಕ. ತುದಿಗಾಲಲ್ಲಿ ನಿಲ್ಲುವುದನ್ನು ಮೊಬೈಲ್‌ನಲ್ಲಿ ವಿಡಿಯೋ ಮಾಡಿಟ್ಟುಕೊಳ್ಳಿ. ಡಾಕ್ಟರ ಮುಂದೆ ನಮ್ಮವು ಅದನ್ನು ಬಿಟ್ಟು ಬೇರೆಲ್ಲ ಮಾಡುತ್ತಿದ್ದವು.