ಆರನೇ ಗೇರಿಗೆ ಹಾಕಿದ ಮೇಲೆ ಕಾರಿನ ವೇಗ ಇಳಿಯುವುದೇಕೆ? (ಗ್ರಾನ್ ಟುರಿಸ್ಮೊ 7)

ಕಾಪು ಕಡಲು, ಉಡುಪಿ:

ಎಲ್ಲರಿಗೂ ನಮಸ್ಕಾರ. ಗ್ರಾನ್ ಟುರಿಸ್ಮೊ 7 ಎಂಬ ಕಾರ್ ರೇಸಿನ ವಿಡಿಯೊ ಗೇಮಿನಲ್ಲಿ ಪ್ರತಿಯೊಂದು ಗೇರಿನ ಅನುಪಾತವನ್ನೂ (ಗೇರಿನ ಒಳಬದಿ ಎಷ್ಟು ಸುತ್ತು ತಿರುಗಿದರೆ ಹೊರಬದಿ ಒಂದು ಸುತ್ತು ತಿರುಗುತ್ತದೆ ಎಂಬ ಲೆಕ್ಕ) ಬೇರೆಬೇರೆಯಾಗಿ ಬದಲಿಸಬಹುದಾದ ಗೇರ್‌ಬಾಕ್ಸನ್ನು ನನ್ನ ಕಾರಿಗೆ ಹಾಕಿಸಿದ್ದೇನೆ. ಲೆ ಮಾನ್ ಟ್ರ್ಯಾಕಿನ ಉದ್ದನೆಯ ನೇರ ದಾರಿಯಲ್ಲಿ ಇನ್ನಷ್ಟು ವೇಗ ಸಿಗಲಿ ಎಂದು 6ನೇ ಗೇರನ್ನು 0.72ಕ್ಕೆ ಇಳಿಸಿದೆ. 5ನೇ ಗೇರ್ 0.92, ಫೈನಲ್ ಗೇರ್ (ಎಲ್ಲ ಗೇರುಗಳಿಗೂ ಸಾಮಾನ್ಯವಾದ ಕೊನೆಯ ಗೇರ್) 3.60 ಇವೆ. 5ನೇ ಗೇರಿನಲ್ಲಿ ಕಾರು ಗಂಟೆಗೆ 278 ಕಿ.ಮೀ. ಮುಟ್ಟಿ ರೆವ್ ಲಿಮಿಟರಿಗೆ (ಎಂಜಿನ್ ಅದಕ್ಕಿಂತ ವೇಗವಾಗಿ ತಿರುಗದಂತೆ ತಡೆಯುವ ಮಿತಿಗೆ) ತಾಗುತ್ತದೆ; ಆದರೆ 6ಕ್ಕೆ ಹಾಕಿದ ಮೇಲೆ ವೇಗ ಏರುವ ಬದಲು ಮೆಲ್ಲನೆ 270ರ ಆಸುಪಾಸಿಗೆ ಇಳಿದು ಅಲ್ಲಿಯೇ ನಿಂತುಬಿಡುತ್ತದೆ. ಎಂಜಿನ್ನಿನ ಗರಿಷ್ಠ ಶಕ್ತಿ 7000 ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತುಗಳು) ಸಿಗುತ್ತದೆ, ಲಿಮಿಟರಿನ ಮಿತಿ 7500. ಹಿಂದಿನ ಟೈರುಗಳು 245/40, 18 ಇಂಚಿನವು. ಅನುಪಾತ ಇಳಿಸಿದಷ್ಟೂ ವೇಗ ಹೆಚ್ಚುತ್ತದೆ ಎಂದೇ ಎಲ್ಲ ಕಡೆ ಹೇಳುತ್ತಾರಲ್ಲ, ಇಲ್ಲಿ ಮಾತ್ರ ಹೀಗೇಕೆ? ಆಟಿ ಮಳೆಯಲ್ಲಿ ಸಂಜೆ ಹೊರಗೆ ಹೋಗುವಂತೆಯೂ ಇಲ್ಲ, ಆದ್ದರಿಂದ ಉತ್ತರ ದೀರ್ಘವಾಗಿದ್ದರೂ ಓದಲು ಸಮಯವಿದೆ.

ಸುರತ್ಕಲ್ ಮೆಕ್ಯಾನಿಕಲ್:

ಗೇರ್‌ಬಾಕ್ಸ್ ಶಕ್ತಿಯನ್ನು ಹುಟ್ಟಿಸುವುದಿಲ್ಲ. ಎಂಜಿನ್ನಿನಲ್ಲಿರುವ ಶಕ್ತಿ ಯಾವ ವೇಗದಲ್ಲಿ ಕೈಗೆ ಸಿಗಬೇಕು ಎಂಬುದನ್ನಷ್ಟೇ ಅದು ತೀರ್ಮಾನಿಸುತ್ತದೆ. ನೀವು ಕೊಟ್ಟ ಅಂಕಿಗಳಲ್ಲಿಯೇ ಉತ್ತರವಿದೆ.

ಆ ಅಳತೆಯ ಟೈರಿನ ಸುತ್ತಳತೆ ಸುಮಾರು 2.05 ಮೀಟರ್. ಆರ್‌ಪಿಎಂ ಅನ್ನು ಸುತ್ತಳತೆಯಿಂದಲೂ 60ರಿಂದಲೂ ಗುಣಿಸಿ, 1000ದಿಂದಲೂ ಗೇರ್ ಮತ್ತು ಫೈನಲ್ ಗೇರ್‌ಗಳ ಗುಣಲಬ್ಧದಿಂದಲೂ ಭಾಗಿಸಿದರೆ ಗಂಟೆಗೆ ಎಷ್ಟು ಕಿ.ಮೀ. ಎಂಬುದು ಸಿಗುತ್ತದೆ. ಈ ಲೆಕ್ಕದಲ್ಲಿ ನಿಮ್ಮ 5ನೇ ಗೇರು 7500 ಆರ್‌ಪಿಎಂನಲ್ಲಿ ಸುಮಾರು 279 ಕಿ.ಮೀ. ಕೊಡುತ್ತದೆ, ನೀವು ಕಂಡದ್ದೂ ಅದನ್ನೇ. 6ನೆಯದು ಕಾಗದದ ಮೇಲೆ 356 ಕಿ.ಮೀ. ವರೆಗೆ ಹೋಗಬೇಕು. ಆದರೆ 270ರಲ್ಲಿ ಆ ಗೇರಿನಲ್ಲಿ ಎಂಜಿನ್ ತಿರುಗುತ್ತಿರುವುದು ಸುಮಾರು 5700 ಆರ್‌ಪಿಎಂನಲ್ಲಿ, ಎಂದರೆ ಗರಿಷ್ಠ ಶಕ್ತಿಯಿಂದ ಬಹಳ ಕೆಳಗೆ. ಗಾಳಿಯ ತಡೆಯನ್ನು ಮೀರಲು ಬೇಕಾಗುವ ಶಕ್ತಿಯಾದರೋ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ವೇಗ ನೂರಕ್ಕೆ ಹತ್ತರಷ್ಟು ಹೆಚ್ಚಬೇಕಾದರೆ ಶಕ್ತಿ ಮೂರನೇ ಒಂದು ಪಾಲಿನಷ್ಟು ಹೆಚ್ಚು ಬೇಕು. ಆಗುಂಬೆ ಘಾಟಿಯ ಏರಿನಲ್ಲಿ ಟಾಪ್ ಗೇರ್ ಹಾಕಿದ ಬಸ್ಸಿನ ಸ್ಥಿತಿಯೇ ನಿಮ್ಮ ಕಾರಿಗೂ ಬಂದಿದೆ, ಅಲ್ಲಿ ಏರು ಎದುರಾದರೆ ಇಲ್ಲಿ ಗಾಳಿ.

5ನೇ ಗೇರಿನಲ್ಲಿ ಗರಿಷ್ಠ ಶಕ್ತಿಯ ಬಿಂದುವನ್ನು ದಾಟಿದ ಮೇಲೂ ಕಾರು 278 ಮುಟ್ಟುತ್ತಿರುವುದರಿಂದ, ಸರಿಯಾದ ಗೇರ್ ಸಿಕ್ಕರೆ ಅದು 285ರ ಹತ್ತಿರಕ್ಕೆ ಹೋಗಬಹುದು ಎಂಬುದು ನನ್ನ ಅಂದಾಜು. 7000 ಆರ್‌ಪಿಎಂ ಆ ವೇಗದಲ್ಲಿ ಬರಬೇಕಾದರೆ 6ನೇ ಗೇರ್ 0.84 ಇರಬೇಕು. ಆಗ ಲಿಮಿಟರ್ ತಾಗುವುದು ಸುಮಾರು 305 ಕಿ.ಮೀ.ಯಲ್ಲಿ. ಎದುರಿನ ಕಾರಿನ ಬೆನ್ನಿಗೆ ಅಂಟಿಕೊಂಡು ಸ್ಲಿಪ್‌ಸ್ಟ್ರೀಮಿನಲ್ಲಿ ಹೋಗುವಾಗ ಗಾಳಿಯ ತಡೆ ಕಡಿಮೆಯಾಗಿ ವೇಗ ಇನ್ನೂ ಏರುವುದರಿಂದ ಆ ಉಳಿಕೆ ಬೇಕೇ ಬೇಕು.

ಕದ್ರಿ ಗುಡ್ಡೆ, ಮಂಗಳೂರು:

ಮೇಲಿನ ಲೆಕ್ಕವನ್ನು ಒಪ್ಪುತ್ತೇನೆ, ಆದರೆ 6ನೆಯದನ್ನು ಮಾತ್ರ 0.84 ಮಾಡಿ ಉಳಿದವನ್ನು ಹಾಗೆಯೇ ಬಿಟ್ಟರೆ 5 ಮತ್ತು 6ರ ನಡುವೆ ಅಂತರವೇ ಇಲ್ಲದಂತಾಗಿ ಒಂದು ಗೇರ್ ವ್ಯರ್ಥವಾಗುತ್ತದೆ. ಎರಡು ತುದಿಗಳನ್ನು ಮೊದಲು ನಿಲ್ಲಿಸಿ, ನಡುವಿನವನ್ನು ಆಮೇಲೆ ಹಂಚಬೇಕು. 2.90, 2.05, 1.56, 1.24, 1.02, 0.84 ಎಂದು ಇಟ್ಟು ನೋಡಿ. ಕೆಳಗಿನ ಗೇರುಗಳ ನಡುವೆ ಅಂತರ ಹೆಚ್ಚು, ಮೇಲೆ ಹೋದಂತೆ ಕಡಿಮೆ. ವೇಗ ಹೆಚ್ಚಿದಾಗ ಗಾಳಿ ಬಲವಾಗಿ ಹಿಡಿದೆಳೆಯುವುದರಿಂದ ಅಲ್ಲಿ ಗೇರ್ ಬದಲಿಸುವಾಗ ಆರ್‌ಪಿಎಂ ಹೆಚ್ಚು ಬೀಳಬಾರದು. 3.60 ಫೈನಲ್ ಗೇರಿನೊಂದಿಗೆ ಇದರಲ್ಲಿ 2ನೇ ಗೇರ್ 125 ಕಿ.ಮೀ. ವರೆಗೆ ಹೋಗುತ್ತದೆ. ಆರ್ನಾಜ್‌ನಂಥ ನಿಧಾನ ತಿರುವಿನಿಂದ ಹೊರಬರಲು ಅದು ಸಾಕು. ಓಡುತ್ತಲೇ ಆರಂಭವಾಗುವ ರೇಸುಗಳಲ್ಲಿ 1ನೇ ಗೇರಿಗೆ ಕೆಲಸವೇ ಇರುವುದಿಲ್ಲ, ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಒಂದು ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ. ಉದ್ದನೆಯ 6ನೇ ಗೇರು ಎಲ್ಲ ಸಂದರ್ಭಗಳಲ್ಲೂ ದಂಡವಲ್ಲ. ಲೆ ಮಾನ್‌ನ 30 ನಿಮಿಷದ ರೇಸಿನಲ್ಲಿ ಇಂಧನವೂ ಲೆಕ್ಕಕ್ಕೆ ಬರುತ್ತದೆ, ಅಲ್ಲಿ ಕಡಿಮೆ ಆರ್‌ಪಿಎಂನಲ್ಲಿ ಸಾಗುವ ಗೇರೊಂದು ಇಂಧನ ತುಂಬಿಸಲು ಪಿಟ್‌ಗೆ ಹೋಗುವುದನ್ನು ಮುಂದೂಡಲು ನೆರವಾಗಬಹುದು. ಆದರೂ 0.72 ಅತಿಯಾಯಿತು.

ಕಾಪು ಕಡಲು, ಉಡುಪಿ:

ಇಬ್ಬರಿಗೂ ಧನ್ಯವಾದಗಳು. ಕದ್ರಿಯವರು ಹೇಳಿದ ಅನುಪಾತಗಳನ್ನು ಹಾಕಿದ ಮೇಲೆ ಕಾರು 6ನೇ ಗೇರಿನಲ್ಲಿ 284ರ ವರೆಗೆ ಹೋಗುತ್ತಿದೆ. ಇನ್ನು ಸುಕುಬಾದಂಥ ಚಿಕ್ಕ ಟ್ರ್ಯಾಕಿಗೆ ಇವನ್ನೆಲ್ಲ ಮತ್ತೆ ಮೊದಲಿನಿಂದ ಲೆಕ್ಕ ಹಾಕಬೇಕೆ?

ಮಣಿಪಾಲದ ಮಳೆ:

ಬೇಕಿಲ್ಲ. ಗೇರುಗಳ ನಡುವಿನ ಅಂತರಗಳು ಒಮ್ಮೆ ಹೊಂದಿಕೊಂಡ ಮೇಲೆ ಟ್ರ್ಯಾಕಿನಿಂದ ಟ್ರ್ಯಾಕಿಗೆ ಫೈನಲ್ ಗೇರನ್ನು ಮಾತ್ರ ಬದಲಿಸಿದರೆ ಸಾಕು. ಸುಕುಬಾ ಸುಮಾರು 2 ಕಿ.ಮೀ. ಉದ್ದದ ಟ್ರ್ಯಾಕು, ಲೆ ಮಾನ್ 13.6 ಕಿ.ಮೀ.ಯದ್ದು. ಸುಕುಬಾಕ್ಕೆ ಫೈನಲ್ ಗೇರನ್ನು 4.30 ಇಟ್ಟರೆ ಲಿಮಿಟರ್ 255ಕ್ಕೆ ಬರುತ್ತದೆ. ಆ ವೇಗ ಅಲ್ಲಿ ಹೇಗೂ ಬರುವುದಿಲ್ಲವಾದ್ದರಿಂದ ಇನ್ನೂ ಏರಿಸಬಹುದು. ಆದರೆ ಫೈನಲ್ ಗೇರನ್ನು ಏರಿಸಿದಷ್ಟೂ ಚಕ್ರಕ್ಕೆ ಹೋಗುವ ಟಾರ್ಕ್ (ತಿರುಗಿಸುವ ಬಲ) ಹೆಚ್ಚುತ್ತದೆ, 2ನೇ ಗೇರಿನಲ್ಲಿ ತಿರುವಿನಿಂದ ಹೊರಬರುವಾಗ ಹಿಂದಿನ ಚಕ್ರಗಳು ಜಾರತೊಡಗಿದರೆ ಮಿತಿ ಮೀರಿತು ಎಂದೇ ತಿಳಿಯಿರಿ. ಮಳೆ ಬಿದ್ದ ಟ್ರ್ಯಾಕಿನಲ್ಲಂತೂ 3ನೇ ಗೇರಿನಲ್ಲಿಯೇ ತಿರುವು ದಾಟುವುದು ಲೇಸು.

ಇನ್ನೊಂದು ಎಚ್ಚರಿಕೆ. ಗೇರುಗಳನ್ನು ಬದಲಿಸುವ ಪರದೆಯಲ್ಲಿಯೇ ಇರುವ ಗರಿಷ್ಠ ವೇಗದ ಸ್ಲೈಡರನ್ನು ಮುಟ್ಟಿದರೆ ಆಟವು ಎಲ್ಲ ಗೇರುಗಳನ್ನೂ ತಾನಾಗಿ ಮರುಹೊಂದಿಸಿ, ನೀವು ಕೂಡಿಸಿಟ್ಟದ್ದನ್ನು ಅಳಿಸಿಬಿಡುತ್ತದೆ. ಆದ್ದರಿಂದ ಈ ಅನುಪಾತಗಳನ್ನು ಆಟದಲ್ಲಿಯೇ ಪ್ರತ್ಯೇಕ ಸೆಟ್ಟಿಂಗ್ ಶೀಟಿನಲ್ಲಿ ಉಳಿಸಿಕೊಳ್ಳಿ. ಗೇರ್ ಬದಲಿಸಿದಾಗ ಕಾರಿನ ಪಿಪಿ ಅಂಕವೂ (ಕಾರಿನ ಸಾಮರ್ಥ್ಯಕ್ಕೆ ಆಟ ಕೊಡುವ ಅಂಕ) ತುಸು ಬದಲಾಗುವುದರಿಂದ, ಪಿಪಿ ಮಿತಿಯಿರುವ ರೇಸಿಗೆ ಹೋಗುವ ಮುನ್ನ ಅದನ್ನೂ ಒಮ್ಮೆ ನೋಡಿಕೊಳ್ಳಿ.