ಇ-ಟೈಪ್, 911, 240ಝಡ್: ಆರು ಸಿಲಿಂಡರ್ ಒಂದೇ, ಸ್ವಭಾವ ಯಾಕೆ ಬೇರೆ?

ಪ್ರಶ್ನೆ:
ಹಳೆ ಸ್ಪೋರ್ಟ್ಸ್ ಕಾರುಗಳ ಹುಚ್ಚು ನನಗೆ. ಓಡಿಸುವ ಯೋಗ ಇಲ್ಲ, ಸುಮ್ನೆ ಓದುತ್ತೇನೆ. ಬ್ರಿಟನ್ನಿನ ಜಾಗ್ವಾರ್ ಇ-ಟೈಪ್ (1961), ಜರ್ಮನಿಯ ಪೋರ್ಷೆ 911 (ಮೊದಲು ತೋರಿಸಿದ್ದು 1963ರಲ್ಲಿ), ಜಪಾನಿನ ಡಾಟ್ಸನ್ 240ಝಡ್ (1969). ಮೂರರ ಎಂಜಿನ್‌ಗೂ ಆರು ಸಿಲಿಂಡರ್ (ಇಂಧನ ಉರಿಯುವ ಕೊಳವೆ). ಆದರೂ ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗಿವೆ. ಯಾಕೆ?

ಉತ್ತರ 1:
ಎಂಜಿನ್ ಎಲ್ಲಿಟ್ಟಿದ್ದಾರೆ ನೋಡಿ, ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಜಾಗ್ವಾರ್‌ನಲ್ಲಿ 3.8 ಲೀಟರ್ ಎಂಜಿನ್ ಮುಂದೆ, ಆರೂ ಸಿಲಿಂಡರ್ ಒಂದೇ ಸಾಲಿನಲ್ಲಿ. ಅದಕ್ಕೇ ಅಷ್ಟುದ್ದ ಬಾನೆಟ್. ಪೋರ್ಷೆಯಲ್ಲಿ 2 ಲೀಟರ್ ಎಂಜಿನ್ ಹಿಂದಿನ ಆಕ್ಸಲ್‌ಗೂ (ಚಕ್ರಗಳ ಅಚ್ಚು) ಹಿಂದೆ, ಸಿಲಿಂಡರ್‌ಗಳು ಎರಡೂ ಬದಿಗೆ ಅಡ್ಡ ಮಲಗಿವೆ. ತಣಿಸುವುದು ಗಾಳಿ, ರೇಡಿಯೇಟರ್ ಇಲ್ಲ. ಹಿಂದೆ ಭಾರ ಜಾಸ್ತಿ, ಹಾಗಾಗಿ ತಿರುವಿನಿಂದ ಹೊರಬರುವಾಗ ಹಿಂದಿನ ಚಕ್ರ ರಸ್ತೆಯನ್ನು ಗಟ್ಟಿಯಾಗಿ ಹಿಡಿಯುತ್ತದೆ. ಆದರೆ ತಿರುವಿನ ಮಧ್ಯೆ ಹೆದರಿ ಆಕ್ಸಿಲರೇಟರ್ ಬಿಟ್ಟಿರೋ, ಹಿಂಭಾಗ ಜಾರಿ ಹೊರಗೆ ಹೊರಳುತ್ತದೆ! ಇಂಥ ಕಿರಿಕಿರಿಯ ಜಾಗದಲ್ಲಿ ಎಂಜಿನ್ ಇಟ್ಟು ದಶಕಗಟ್ಟಲೆ ತಿದ್ದುತ್ತಾ ಬಂದರಲ್ಲ, ಆ ಹಟವೇ ನನಗಿಷ್ಟ.

ಉತ್ತರ 2:
ಚಂದಕ್ಕೆ ಜಾಗ್ವಾರ್, ಅದರಲ್ಲಿ ಜಗಳ ಬೇಡ. ಆದರೆ 240ಝಡ್ ಅಮೆರಿಕದವರನ್ನು ನೋಡಿಯೇ ಮಾಡಿದ ಕಾರು. ಆಗಿನ ಬೆಲೆ ಸುಮಾರು 3,500 ಡಾಲರ್, ಎಂಜಿನ್ 2.4 ಲೀಟರ್. ಉದ್ದ ಮೂತಿಯೂ ಇದೆ, ದಿನಾ ಆಫೀಸಿಗೂ ಒಯ್ಯಬಹುದು. ತುಕ್ಕು ಮಾತ್ರ ಅದರ ಪರಮಶತ್ರು.

ಉತ್ತರ 3:
ಇಟಲಿಯನ್ನೇ ಬಿಟ್ಟಿರಲ್ಲ! ಆಲ್ಫಾ ರೋಮಿಯೋ ಜೂಲಿಯೆಟ್ಟಾ 1954ರಲ್ಲೇ 1.3 ಲೀಟರ್ ಎಂಜಿನ್‌ಗೆ ಅಲ್ಯೂಮಿನಿಯಂ ಬ್ಲಾಕ್ (ಎಂಜಿನ್ನಿನ ಮುಖ್ಯ ಒಡಲು), ಎರಡು ಕ್ಯಾಮ್‌ಶಾಫ್ಟ್ (ವಾಲ್ವ್ ತೆರೆಸುವ ದಂಡ) ಕೊಟ್ಟಿತ್ತು. ನಾಲ್ಕೇ ಸಿಲಿಂಡರ್ ಅಂತ ಪಂಕ್ತಿಯಿಂದ ಎಬ್ಬಿಸುತ್ತೀರಾ?