ದೂರದ ಸವಾರಿಗೆ ಬೈಕ್ ಸೀಟ್: ರೆಡಿಮೇಡ್ ತಗೊಳ್ಳೋದಾ, ಇರೋದನ್ನೇ ಮಾಡಿಸೋದಾ?

ಶಿರಸಿ_ಹುಡುಗ:

ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ನಾನು, ನನ್ನ ಹೆಂಡತಿ ಬೆಂಗಳೂರಿಂದ ಕಛ್‌ಗೆ ಬೈಕಲ್ಲಿ ಹೋಗಬೇಕು ಅಂತಿದ್ದೀವಿ. ಅವಳು ಇತಿಹಾಸದ ಟೀಚರ್. ಅಲ್ಲಿನ ಹರಪ್ಪ ಕಾಲದ ಊರು ಧೋಲಾವೀರಾ 2021ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದಾಗಿಂದ ಅದನ್ನ ನೋಡಲೇಬೇಕು ಅಂತ ಹೇಳ್ತಾನೇ ಇದ್ದಾಳೆ. ಭುಜ್ ಮುಟ್ಟೋಕೇ 1,700 ಕಿಲೋಮೀಟರ್‌ಗಿಂತ ಹೆಚ್ಚು, ಅಲ್ಲಿಂದ ಮುಂದೆ ರಣ್, ಖಾವಡಾ, ಧೋಲಾವೀರಾ. ಆಮೇಲೆ ಅಷ್ಟೇ ದೂರ ವಾಪಸ್.

ತೊಂದರೆ ಇರೋದು ಕೂರೋದರಲ್ಲಿ. ಊರಿಗೆ ಹೋಗುವಾಗ ತುಮಕೂರು ತನಕ ಏನೂ ಅನ್ಸಲ್ಲ. ಶಿರಾ ಹತ್ತಿರ ಒಂದೊಂದು ಸಲ ಆ ಕಡೆ ಈ ಕಡೆ ಜರುಗೋಕೆ ಶುರು ಮಾಡ್ತೀನಿ. ಹಿರಿಯೂರು ಬರೋಷ್ಟರಲ್ಲಿ ಉರಿ, ಜೊತೆಗೆ ತೊಡೆ ಸಂದಿಯಲ್ಲಿ ಜುಮ್ ಅಂತ ಮರಗಟ್ಟುತ್ತೆ. ನಾನು 5 ಅಡಿ 8 ಇಂಚು, 82 ಕೆಜಿ. ಬೈಕು ನೇರವಾಗಿ ಕೂರೋ ರೋಡ್‌ಸ್ಟರ್, ಸೀಟ್ ಎತ್ತರ 800 ಮಿಲಿಮೀಟರ್ ಆಸುಪಾಸು. ಹೆಂಡತಿ ದೂರು ಬೇರೆ. ಬ್ರೇಕ್ ಹಾಕಿದಾಗಲೆಲ್ಲ ನಿಮ್ಮ ಬೆನ್ನಿಗೆ ಬಂದು ಒರಗ್ತೀನಿ, ಕೈ ಊರಿ ಊರಿ ಭುಜ ಸೋಲುತ್ತೆ ಅಂತಾಳೆ.

ಮೂರು ದಾರಿ ಕಾಣ್ತಿದೆ. ರೆಡಿಮೇಡ್ ಟೂರಿಂಗ್ ಸೀಟ್ ತಗೊಳ್ಳೋದು, ಜೆಸಿ ರೋಡ್ ಕಡೆ ಹೋಗಿ ಇರೋ ಸೀಟಿಗೇ ಜೆಲ್ ಹಾಕಿಸೋದು, ಇಲ್ಲಾ ಮೇಲೆ ಕಟ್ಟೋ ಗಾಳಿ ಕುಶನ್. ಅನುಭವ ಇರೋರು ದಯವಿಟ್ಟು ಹೇಳಿ.

ಗಾಳಿಗುದುರೆ:

ಗಾಳಿ ಕುಶನ್ ಬಗ್ಗೆ ಮಾತ್ರ ಹೇಳ್ತೀನಿ, ಬಹಳ ದಿನದಿಂದ ಬಳಸ್ತಿದ್ದೀನಿ. ಪೂರ್ತಿ ಊದಿ ಕೂತರೆ ಅದು ಬರೀ ಚೆಂಡು. ಮೊದಲು ಸ್ವಲ್ಪ ಊದಿ, ಮೇಲೆ ಕೂತು, ಕೂತಲ್ಲೇ ವಾಲ್ವ್ ಬಿಚ್ಚಿ ನಿಧಾನಕ್ಕೆ ಗಾಳಿ ಬಿಡಿ. ಮೂಳೆ ಕೆಳಗಿನ ಗಟ್ಟಿ ಸೀಟಿಗೆ ತಾಗಿತು ಅನ್ನಿಸೋಕೆ ಕೂದಲೆಳೆಯಷ್ಟು ಮುಂಚೆ ನಿಲ್ಲಿಸಿ. ಅದೇ ಸರಿಯಾದ ಮಟ್ಟ. ನೇರ ಹೆದ್ದಾರಿಗೆ ತುಂಬಾ ಚೆನ್ನ. ಚಾರ್ಮಾಡಿಯಂಥ ತಿರುವಿನಲ್ಲಿ ಮಾತ್ರ ಬೈಕು ನನ್ನ ಕೆಳಗೆ ಒಂದು ಕ್ಷಣ ತಡವಾಗಿ ತಿರುಗಿದ ಹಾಗೆ ಅನ್ಸುತ್ತೆ, ಅಲ್ಲಿ ಬಿಚ್ಚಿಡ್ತೀನಿ. ಪಟ್ಟಿ ಬಿಗಿಯಾಗಿರಲಿ, ಜಾರೋ ಕುಶನ್ ಅಪಾಯ.

ಕುಶನ್‌ವರ್ಕ್ಸ್_ದಾವಣಗೆರೆ:

ಶಿರಸಿಯವರೇ, ದುಡ್ಡು ಬಿಚ್ಚೋ ಮುಂಚೆ ಇದನ್ನ ಪೂರ್ತಿ ಓದ್ರಿ. ನಮ್ಮದು ಸೀಟ್ ಕೆಲಸದ ಮನೆ. ಅಪ್ಪ ಲಾರಿ, ಟ್ರ್ಯಾಕ್ಟರ್ ಸೀಟಿಗೆ ತೆಂಗಿನ ನಾರು ತುಂಬ್ತಿದ್ದ ಕಾಲದಿಂದ ನಾನು ಸೂಜಿ ಹಿಡಿದವನು. ಈಗ ಹೆಚ್ಚಿಗೆ ಬೈಕ್ ಸೀಟೇ ಬರ್ತಾವೆ. ಬರೋರೆಲ್ಲ ಹೇಳೋದು ಒಂದೇ ಮಾತು: "ಮೆತ್ತಗೆ ಮಾಡಿಕೊಡ್ರಿ." ಅಪ್ಪನ ಹತ್ರ ಬರ್ತಿದ್ದ ಲಾರಿ ಡ್ರೈವರ್‌ಗಳು ಯಾವತ್ತೂ ಹಂಗೆ ಕೇಳಿದವರಲ್ಲ. ಮುಂಬೈ ಲೈನ್ ಓಡಿಸೋರು "ಗಟ್ಟಿ ತುಂಬು, ಕೂತ್ರೆ ಕುಸೀಬಾರದು" ಅಂತಲೇ ಹೇಳಿ ಹೋಗೋರು.

ಅದರ ಕಾರಣ ಇದು. ಕೂತಾಗ ನಮ್ಮ ಭಾರ ಬೀಳಬೇಕಾದ್ದು ಕೆಳಗಿರೋ ಎರಡು ಮೂಳೆ ಮೇಲೆ. ಭಾರ ಹೊರೋಕೆ ಅಂತಲೇ ಇರೋ ಮೂಳೆ ಅವು. ಫೋಮ್ ತೀರಾ ಮೆತ್ತಗಿದ್ರೆ ಆ ಎರಡು ಮೂಳೆ ಒಳಗೆ ಇಳಿದು ಕೆಳಗಿನ ಪ್ಲಾಸ್ಟಿಕ್ ಬೇಸ್ ಹತ್ರ ಹೋಗಿ ಕೂರ್ತಾವೆ. ಅವು ಇಳಿದಷ್ಟೂ ಸುತ್ತಲಿನ ಫೋಮ್ ಮೇಲಕ್ಕೆ ಉಬ್ಬಿ, ಎರಡು ಮೂಳೆ ನಡುವಿನ ಮೆದು ಜಾಗಕ್ಕೆ ಒತ್ತುತ್ತೆ. ನರ, ರಕ್ತನಾಳ ಎಲ್ಲ ಅಲ್ಲೇ ಹಾಯೋದು. ನೀವು ಹೇಳೋ ಮರಗಟ್ಟೋದು ಬಹುಪಾಲು ಅಲ್ಲಿಂದಲೇ. ಅಂಗಡಿಯಲ್ಲಿ ಐದು ನಿಮಿಷ ಕೂತಾಗ ಸ್ವರ್ಗ ಅನ್ನಿಸೋ ಸೀಟು ಮೂರನೇ ಗಂಟೆಗೆ ಕಾಡೋದು ಇದಕ್ಕೇ.

ಹಂಗಾಗಿ ಮೊದಲು ನಿಮ್ಮ ಅಳತೆ ತೆಗೀರಿ. ಟಿವಿ ಡಬ್ಬಿಯ ಸುಕ್ಕು ರಟ್ಟು ಒಂದು ತುಂಡು ಕತ್ತರಿಸಿ, ಗಟ್ಟಿ ಮರದ ಸ್ಟೂಲ್ ಮೇಲೆ ಇಟ್ಟು, ತೆಳು ಬಟ್ಟೇಲಿ ಅದರ ಮೇಲೆ ಕೂತ್ಕೊಳ್ರಿ. ಬೈಕಲ್ಲಿ ಎಷ್ಟು ಬಾಗ್ತೀರೋ ಅಷ್ಟೇ ಬಾಗಿ, ಒಂದೆರಡು ನಿಮಿಷ. ಎದ್ದು ಬೆರಳಾಡಿಸಿದ್ರೆ ಎರಡು ಗುಳಿ ಸಿಗ್ತಾವೆ. ಪೆನ್ಸಿಲ್‌ನಲ್ಲಿ ಸುತ್ತು ಹಾಕಿ, ನಡುವಿಂದ ನಡುವಿಗೆ ಅಳೀರಿ. ಸಾಮಾನ್ಯವಾಗಿ 10ರಿಂದ 14 ಸೆಂಟಿಮೀಟರ್ ಒಳಗೆ ಬರುತ್ತೆ, ಹೆಂಗಸರಿಗೆ ಸ್ವಲ್ಪ ಅಗಲ ಜಾಸ್ತಿ. ಇನ್ನ ನೀವು ಕೂರೋ ಜಾಗದಲ್ಲಿ ಸೀಟಿನ ಅಗಲ ನೋಡ್ರಿ. ಎರಡೂ ಗುಳಿ ಸಮತಟ್ಟು ಭಾಗದ ಮೇಲೆ ಬಿದ್ದು, ಆಚೀಚೆ ಇನ್ನೂ ಮೂರು ನಾಲ್ಕು ಬೆರಳು ಜಾಗ ಉಳೀಬೇಕು. ಅಂಚಿನ ಇಳಿಜಾರಿನ ಮೇಲೆ ಬಿದ್ರೆ ಯಾವ ಜೆಲ್ ಹಾಕಿದರೂ ಉಪಯೋಗ ಇಲ್ಲ.

ಎರಡನೇದು ವಾಟ. ಬೈಕನ್ನ ಸಮ ನೆಲದ ಮೇಲೆ ನೇರ ನಿಲ್ಲಿಸಿ, ನೀವು ಮತ್ತು ಮನೆಯವರು ಹತ್ತಿ ಕೂತು, ಇನ್ನೊಬ್ಬರ ಕೈಲಿ ನಿಮ್ಮ ಸೀಟಿನ ಪಕ್ಕ ರಸಮಟ್ಟ ಹಿಡಿಸಿ ನೋಡ್ರಿ. ಸೀಟು ಟ್ಯಾಂಕ್ ಕಡೆ ಇಳಿಜಾರಿದ್ರೆ ಮೈ ತಾನಾಗೇ ಮುಂದಕ್ಕೆ ಜಾರುತ್ತೆ, ನಾವು ಗೊತ್ತಿಲ್ಲದ ಹಾಗೆ ಕೈಯಲ್ಲಿ ಹಿಂದಕ್ಕೆ ತಳ್ಳಿಕೊಂತಾ ಇರ್ತೀವಿ. ಮಣಿಕಟ್ಟು ನೋವು, ಭುಜ ನೋವು, ಸಂದಿ ಜುಮ್ಮೆನ್ನೋದು, ಮೂರಕ್ಕೂ ಅದೂ ಒಂದು ಮೂಲ. ಹಿಂದಿನ ಸಸ್ಪೆನ್ಷನ್ನೂ ನೋಡ್ರಿ. ಇಬ್ಬರು ಕೂತು ಚೀಲ ಕಟ್ಟಿದ ಮೇಲೂ ಪ್ರೀಲೋಡ್, ಅಂದ್ರೆ ಸ್ಪ್ರಿಂಗ್ ಮೊದಲೇ ಬಿಗಿ ಮಾಡಿಟ್ಟಿರೋದು, ಒಬ್ಬರಿಗೆ ಇಟ್ಟಷ್ಟೇ ಇದ್ರೆ, ಪ್ರತಿ ಗುಂಡಿಗೂ ಹಿಂದಿನ ಸ್ಪ್ರಿಂಗ್ ಕುಸಿದು ಬೆನ್ನಿಗೆ ಹೊಡೆತ. ಅದನ್ನ ಸಿ ಸ್ಪ್ಯಾನರ್‌ನಲ್ಲಿ ಎರಡು ಹಲ್ಲು ಏರಿಸಿದ್ರೆ ಹೋಗೋ ನೋವಿಗೆ ಸಾವಿರಾರು ರೂಪಾಯಿ ಯಾಕೆ ಸುರೀಬೇಕು?

ಈಗ ಸಾಮಾನಿನ ಮಾತು. ಡೆನ್ಸಿಟಿ ಜಾಸ್ತಿ ಇದ್ರೆ ಫೋಮ್ ಗಟ್ಟಿ ಅಂತ ಎಲ್ಲರೂ ತಿಳ್ಕೊಂಡಿದಾರೆ, ಹಂಗಲ್ಲ. 40 ಡೆನ್ಸಿಟಿ ಅಂದ್ರೆ ಒಂದು ಘನ ಮೀಟರ್‌ಗೆ 40 ಕೆಜಿ ತೂಕ, ಅಷ್ಟೇ. ಅದೇ ತೂಕದಲ್ಲಿ ಮೆದುವೂ ಬರುತ್ತೆ, ಗಟ್ಟಿಯೂ ಬರುತ್ತೆ. ಡೆನ್ಸಿಟಿ ಹೇಳೋದು ಹೆಚ್ಚಾಗಿ ಬಾಳಿಕೆಯ ಮಾತು. ಕಂಪನಿ ಸೀಟಿನ ಫೋಮ್ ಅಚ್ಚಿನಲ್ಲಿ ಎರಕ ಹೊಯ್ದದ್ದು, ಅದಕ್ಕೊಂದು ಕಸುವು ಇರುತ್ತೆ. ಅದನ್ನ ಕಿತ್ತು ಬಿಸಾಕಿ ಹಾಸಿಗೆ ಫೋಮ್ ತುಂಬೋರ ಹತ್ರ ಹೋಗಬೇಡ್ರಿ. ನಾನು ಮಾಡೋದು ಹೀಗೆ. ಕವರ್ ಬಿಚ್ಚಿ, ಗಿರಾಕಿನ ಬೈಕ್ ಮೇಲೆ ಕೂರಿಸಿ, ಎರಡು ಮೂಳೆ ಎಲ್ಲಿ ಇಳೀತಾವೆ ಅಂತ ಮಾರ್ಕರ್‌ನಲ್ಲಿ ಗುರುತು ಹಾಕ್ಕೊಂತೀನಿ. ಆ ಜಾಗದಲ್ಲಿ ಹ್ಯಾಕ್ಸಾ ಬ್ಲೇಡ್‌ನಿಂದ ಒಂದು ಇಂಚು ತೆಗೆದು, ರೀಬಾಂಡ್ (ಫೋಮ್ ಚೂರು ಒತ್ತಿ ಮಾಡಿದ್ದು) ಗಟ್ಟಿ ತುಂಡು ಕೂರಿಸಿ, ಅಗಲ ಬೇಕಾದ ಕಡೆ ರೆಕ್ಕೆ ಅಂಟಿಸಿ, ಉಜ್ಜಿ ಉಜ್ಜಿ ಒಂದೇ ಮಟ್ಟ ಮಾಡ್ತೀನಿ. ಕಣ್ಣು ಮುಚ್ಚಿ ಅಂಗೈ ಆಡಿಸಿದ್ರೆ ಎಲ್ಲೂ ಜೋಡು ಸಿಗಬಾರದು. ಅಂಟಿನ ಸೊಲ್ಯೂಷನ್ ದಪ್ಪಗೆ ಬಳಿದ್ರೆ ಒಣಗಿದ ಮೇಲೆ ಗೆರೆ ಗಟ್ಟಿಯಾಗಿ ಚುಚ್ಚುತ್ತೆ, ಅದಕ್ಕೇ ತೆಳ್ಳಗೆ. ಇಡೀ ಸೀಟಿನ ಮೇಲೆ ಅರ್ಧ ಇಂಚು ಮೆದು ಫೋಮ್ ಹಾಸಿ ಆಮೇಲೆ ಕವರ್. ಸ್ಟೇಪಲ್ ಪಿನ್ ಉದ್ದ ಜಾಸ್ತಿ ಆದ್ರೆ ಬೇಸ್ ತೂತಾಗಿ ಮೊನೆ ಆಚೆ ಬರುತ್ತೆ, ಇದನ್ನ ನೀವೇ ತಿರುಗಿಸಿ ನೋಡ್ರಿ.

ಜೆಲ್ ಬಗ್ಗೆ: ಬಿಸಿಲಲ್ಲಿ ನಿಲ್ಲಿಸಿದ ಬೈಕಿನ ಜೆಲ್ ಕಾದು, ಆ ಕಾವನ್ನ ಬಹಳ ಹೊತ್ತು ಹಿಡ್ಕೊಂಡಿರುತ್ತೆ. ಬಾಗಲಕೋಟೆ, ಕಲಬುರಗಿ ಕಡೆಯವರಿಗೆ ನಾನು ಹಾಕಿಕೊಡೋದೇ ಇಲ್ಲ. ಹಾಕಲೇಬೇಕು ಅಂದ್ರೆ ಮೇಲೆ ಫೋಮ್ ಪದರ ಇರಬೇಕು, ತುಂಡಿನ ಅಂಚು ಮೈಗೆ ತಾಗಬಾರದು. ಮೆಮೊರಿ ಫೋಮ್ 1966ರಲ್ಲಿ ನಾಸಾಗೆ ವಿಮಾನದ ಸೀಟಿಗೆ ಅಂತ ಮಾಡಿದ್ದು. ಒಳ್ಳೆ ಸಾಮಾನೇ, ಆದ್ರೆ ಚಳಿಗೆ ಗಟ್ಟಿ, ಸೆಖೆಗೆ ಮೆದು. ಲಡಾಖ್‌ಗೆ ಹೋಗೋರು ಬೆಳಗಿನ ಹೊತ್ತು ಕಲ್ಲಿನ ಮೇಲೆ ಕೂತಂಗಾಗುತ್ತೆ ಅನ್ನೋದು ಇದಕ್ಕೆ. ಬರೀ ಅದೇ ತುಂಬಿದ ಸೀಟು ಬೇಡ, ಮೇಲ್ಪದರಕ್ಕೆ ಸಾಕು. ದೂರದ ರೈಡರ್‌ಗಳಲ್ಲಿ, ಅಂದ್ರೆ 24 ಗಂಟೇಲಿ 1,000 ಮೈಲಿ, 1,609 ಕಿಲೋಮೀಟರ್ ಓಡಿಸೋ ಅಮೆರಿಕದ ಐರನ್ ಬಟ್ ಅನ್ನೋ ಸಂಘದವರಲ್ಲೂ ಮರದ ಮಣಿ ಸೀಟು ಹಾಕ್ಕೊಳ್ಳೋರು ಇದಾರೆ. ನಮ್ಮ ಟ್ಯಾಕ್ಸಿಯವರು ಹಾಕ್ಕೊಳ್ಳೋ ಥರದ್ದೇ. ಗಾಳಿ ಆಡಿ ಬೆವರು ಆರುತ್ತೆ. ಉರಿಗೆ ಅರ್ಧ ಕಾರಣ ಬೆವರು, ಇನ್ನರ್ಧ ಜೀನ್ಸ್ ಹೊಲಿಗೆ.

ರೆಡಿಮೇಡ್ ಸೀಟು ಬೇಡ ಅಂತ ನಾನು ಹೇಳಲ್ಲ. ಕೆಲವರ ಮೈಗೆ ಅದು ಕರೆಕ್ಟಾಗಿ ಕೂರುತ್ತೆ. ಕೊಳ್ಳೋ ಮುಂಚೆ ಅಂಥದೇ ಸೀಟಿರೋ ಗೆಳೆಯರ ಬೈಕ್ ಇಸ್ಕೊಂಡು ಎರಡು ಗಂಟೆ ಓಡಿಸ್ರಿ. ಎರಡು ಗಂಟೆಗಿಂತ ಕಮ್ಮಿ ಆದ್ರೆ ಏನೂ ಗೊತ್ತಾಗಲ್ಲ.

ಕರಾವಳಿ_ಸವಾರಿಣಿ:

ಕುಶನ್ ಅಣ್ಣ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಧನ್ಯವಾದ. ನಾನು ಮಂಗಳೂರು, 5 ಅಡಿ 1 ಇಂಚು. ಕುಳ್ಳಗಿರುವವರ ಪರವಾಗಿ ಒಂದು ಮಾತು. ಬ್ರೋಷರ್‌ನಲ್ಲಿ ಬರೆದ ಸೀಟ್ ಎತ್ತರ ಅರ್ಧ ಸತ್ಯ. ಮುಂದಿನ ಭಾಗ ಅಗಲ ಇದ್ದರೆ ಕಾಲು ಬಿಲ್ಲಿನ ಹಾಗೆ ಸುತ್ತಿ ನೆಲಕ್ಕೆ ಹೋಗಬೇಕು, ಮುಟ್ಟುವುದೇ ಇಲ್ಲ. ಹಿಂದೆ ಅಗಲ, ಟ್ಯಾಂಕ್ ಹತ್ತಿರ ಕಿರಿದು ಮಾಡಿಸಿಕೊಂಡ ಮೇಲೆ ನನಗೆ ಅದೇ ಎತ್ತರದಲ್ಲಿ ಪಾದದ ಮುಂಭಾಗ ಆರಾಮಾಗಿ ಊರುತ್ತದೆ. ಫೋಮ್ ಏರಿಸುವಾಗ ನಿಲ್ಲಿಸಿದ ಬೈಕಲ್ಲಿ ಕಾಲು ಊರಿ ನೋಡದೆ ಕವರ್ ಹೊಲಿಸಬೇಡಿ.

ನಮ್ಮ ಕಡೆಯ ಮಳೆಯದ್ದೂ ಹೇಳಬೇಕು. ಜೂನ್‌ನಲ್ಲಿ ಶಿರಾಡಿ ಇಳಿದು ಬಂದರೆ ಹೊಲಿಗೆಯ ತೂತಿನಿಂದಲೇ ನೀರು ಒಳಗೆ ಹೋಗಿ ಫೋಮ್ ನೆನೆಯುತ್ತದೆ. ಮೇಲೆ ಒಣಗಿದ ಹಾಗೆ ಕಾಣುತ್ತದೆ, ಕೂತ ಕೂಡಲೇ ಪ್ಯಾಂಟ್ ಒದ್ದೆ. ಫೋಮಿಗೂ ಕವರಿಗೂ ನಡುವೆ ತೆಳು ಪ್ಲಾಸ್ಟಿಕ್ ಹಾಳೆ ಹಾಕಿಸಿ. ಕೂರುವ ಜಾಗದ ನಡುವೆ ಹೊಲಿಗೆ ಬರದ ಡಿಸೈನ್ ಕೇಳಿ. ಚಂದಕ್ಕೆ ಡೈಮಂಡ್ ಹೊಲಿಗೆ ಹಾಕಿಸುವವರು ಮಳೆಗಾಲ ಒಂದನ್ನು ನೆನೆದು ನಿರ್ಧರಿಸಿ.

ಹಿಂದೆ ಕೂರುವವರ ಬಗ್ಗೆ ಯಾರೂ ಯೋಚಿಸುವುದಿಲ್ಲ ಎಂಬುದು ನನಗೆ ನಿಜವಾಗಿ ಬೇಸರ. ಮದುವೆಯಾದ ಹೊಸತರಲ್ಲಿ ವರ್ಷಗಟ್ಟಲೆ ಹಿಂದೆ ಕೂತವಳು ನಾನು. ಓಡಿಸುವವರಿಗೆ ಹಿಡಿಯಲು ಹ್ಯಾಂಡಲ್ಲಿದೆ, ರಸ್ತೆ ಮುಂದೆ ಕಾಣುತ್ತದೆ, ಗುಂಡಿ ಬರುವುದು ಗೊತ್ತು. ಹಿಂದಿನವರಿಗೆ ಅದು ಯಾವುದೂ ಇಲ್ಲ. ಅವರ ಸೀಟು ಒಂಚೂರು ಹಿಂದಕ್ಕೆ ವಾಲಿರಲಿ, ಮುಂದಿನ ಸೀಟಿಗಿಂತ ತೀರಾ ಎತ್ತರ ಬೇಡ, ಬೆನ್ನಿಗೆ ಸಣ್ಣ ಒರಗು ಅಥವಾ ಟಾಪ್ ಬಾಕ್ಸ್ ಪ್ಯಾಡ್ ಇರಲಿ. ಹೊಸ ಸೀಟು ಹಾಕುವಾಗ ಹಿಡಿದುಕೊಳ್ಳುವ ಹಿಡಿಯನ್ನು ತೆಗೆಸಬೇಡಿ. ಕೇಂದ್ರ ಮೋಟಾರು ವಾಹನ ನಿಯಮ 123ರ ಪ್ರಕಾರ ಅದು, ಕಾಲಿಡುವ ಫುಟ್‌ರೆಸ್ಟ್ ಎರಡೂ ಇರಲೇಬೇಕು.

ಫಿಸಿಯೋ_ಮೈಸೂರು:

ಮರಗಟ್ಟುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇಳಿದು ನಡೆದಾಡಿದ ಸ್ವಲ್ಪ ಹೊತ್ತಿಗೆ ಹೋದರೆ ಒತ್ತಡದ್ದು, ಸೀಟು ಸರಿಮಾಡಿಸಿ. ಇಳಿದು ಗಂಟೆಗಳಾದರೂ ಉಳಿದರೆ, ಮೂತ್ರ ಹೋಗುವಾಗ ವ್ಯತ್ಯಾಸ ಕಂಡರೆ ಡಾಕ್ಟರನ್ನು ನೋಡಿ. ಎಂಥ ಸೀಟಾದರೂ ಗಂಟೆಗೊಮ್ಮೆ ಇಳಿಯಿರಿ. ನಡುನಡುವೆ ನೇರ ರಸ್ತೆಯಲ್ಲಿ ಫುಟ್‌ಪೆಗ್ ಮೇಲೆ ಭಾರ ಹಾಕಿ ಒಂದಿಷ್ಟು ಮೇಲೆದ್ದರೆ ರಕ್ತ ಓಡಾಡುತ್ತದೆ. ಒಳಗೆ ದಪ್ಪ ಹೊಲಿಗೆಯ ಚಡ್ಡಿ ಬಿಟ್ಟು ಹೊಲಿಗೆ ಇಲ್ಲದ್ದು ಹಾಕಿ. ನೀರು ಕುಡಿಯುತ್ತಿರಿ.

ಶಿರಸಿ_ಹುಡುಗ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿಯೇ ರಟ್ಟಿನ ಮೇಲೆ ಕೂತು ನೋಡಿದ್ವಿ. ನನಗೆ 12 ಸೆಂಟಿಮೀಟರ್, ಹೆಂಡತಿಗೆ 13ರ ಮೇಲೆ. ಬೆಳಿಗ್ಗೆ ಪಕ್ಕದ ಕಟ್ಟಡದ ಮೇಸ್ತ್ರಿ ಹತ್ರ ರಸಮಟ್ಟ ಇಸ್ಕೊಂಡು ಹಿಡಿಸಿದೆ. ಇಬ್ಬರೂ ಕೂತಾಗಲೂ ಗುಳ್ಳೆ ಹಿಂದಕ್ಕೇ ಓಡುತ್ತೆ, ಅಂದ್ರೆ ಸೀಟು ಮುಂದಕ್ಕೆ ಇಳಿಜಾರು. ನನ್ನ ಮೂಳೆ ಬೀಳೋ ಜಾಗದಲ್ಲಿ ಅಗಲ ಸಾಕಷ್ಟಿದೆ, ಆದ್ರೆ ಓಡಿಸ್ತಾ ಓಡಿಸ್ತಾ ಜಾರಿ ಕಿರಿದಾದ ಕಡೆಗೆ ಬಂದಿರ್ತೀನಿ. ಈಗ ಏನು ಮಾಡಿಸಲಿ ಅಣ್ಣ?

ಕುಶನ್‌ವರ್ಕ್ಸ್_ದಾವಣಗೆರೆ:

ಹಂಗಾದ್ರೆ ನಿಮಗೆ ಹೊಸ ಸೀಟೂ ಬೇಡ, ಜೆಲ್ಲೂ ಬೇಡ. ಮುಂಭಾಗಕ್ಕೆ ಬೆಣೆ ಆಕಾರದ ಗಟ್ಟಿ ಫೋಮ್ ಏರಿಸಿ ಮಟ್ಟ ಮಾಡಿಸ್ರಿ, ಮೂಳೆ ಜಾಗಕ್ಕೆ ರೀಬಾಂಡ್, ಮೇಲೆ ಒಂದು ಪದರ. ಹಿಂದೆ ಟೇಲ್‌ಬೋನ್ (ಬೆನ್ನುಮೂಳೆಯ ತುದಿ) ಬರೋ ಕಡೆ ಸಣ್ಣ ಗುಳಿ ಬಿಡಿಸಿ, ಅಲ್ಲಿ ಏನೂ ತಾಗಬಾರದು. ಮನೆಯವರ ಕಡೆಗೆ ಒಂದಿಷ್ಟು ಹಿಂದಕ್ಕೆ ವಾಟ, ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ರೆಕ್ಸಿನ್ ತೀರಾ ನುಣುಪಿನದ್ದು ಬೇಡ, ಸ್ವಲ್ಪ ಹಿಡಿತ ಇರೋದು ಆರಿಸ್ರಿ, ಜಾರೋದು ಇನ್ನೂ ಕಮ್ಮಿ ಆಗುತ್ತೆ. ಕೆಲವರು ಸೀಟಿನಡಿ ಮುಂದಿನ ರಬ್ಬರ್ ಬುಷ್ ಎತ್ತರ ಮಾಡಿ ವಾಟ ತಿದ್ದುತಾರೆ. ಲಾಕ್ ಪೂರ್ತಿ ಕೂರುತ್ತೆ ಅಂದ್ರೆ ಮಾತ್ರ ಅದು ನಡೆಯುತ್ತೆ, ಲಾಕ್ ಬಿಗಿಯದ ಸೀಟಲ್ಲಿ ಹೆಂಡತೀನ ಕೂರಿಸ್ಕೊಂಡು ಹೋಗೋ ಹಂಗಿಲ್ಲ.

ಬೆಂಗಳೂರಲ್ಲೇ ಮಾಡಿಸಿದ್ರೂ ಆಯ್ತು, ಕೆಲಸ ಬಲ್ಲೋರು ಅಲ್ಲಿ ಬೇಕಾದಷ್ಟು ಜನ ಇದಾರೆ. ಸೀಟು ಮಾತ್ರ ಬಿಚ್ಚಿಕೊಂಡು ಹೋಗಿ ಕೊಟ್ಟು ಬರಬೇಡ್ರಿ, ಬೈಕ್ ಸಮೇತ ಹೋಗ್ರಿ. ಕೂರಿಸಿ ನೋಡದೆ ಕತ್ತರಿ ಹಾಕೋರಾದ್ರೆ ವಾಪಸ್ ಬನ್ರಿ. ಅಕ್ಟೋಬರ್‌ನಲ್ಲೇ ಮುಗಿಸ್ರಿ, ಯಾಕಂದ್ರೆ ಹೊಸ ಫೋಮ್ ಓಡಾಡಿದಂಗೆ ಸ್ವಲ್ಪ ಇಳಿಯುತ್ತೆ, ಆಮೇಲೆ ಒಂದು ಸಲ ತಿದ್ದಿಸಬೇಕಾಗಬಹುದು. ಅದಕ್ಕೇ ಮೊದಲ ಸಲ ಕವರನ್ನ ಪೂರ್ತಿ ಪಿನ್ ಹೊಡೆಸಬೇಡ್ರಿ, ನಾಲ್ಕು ಕಡೆ ಹಿಡಿಸಿಕೊಂಡು ಊರಿಗೆ ಒಂದು ಸಲ ಹೋಗಿ ಬನ್ರಿ. ದಾವಣಗೆರೆ ಹಾದೇ ಹೋಗ್ತೀರಿ, ಬೇಕಿದ್ರೆ ನಾನೇ ನೋಡಿಕೊಡ್ತೀನಿ. ಮನೆಯವರನ್ನೂ ಕರ್ಕೊಂಡು ಬರ್ರಿ, ಹಿಂದಿನ ಅಳತೆ ಅವರನ್ನ ಕೂರಿಸಿಯೇ ತೆಗೀಬೇಕು.